ಕಾರಿನ ಸೆಲ್ಫ್ ಹೊಡೆಯುತ್ತಿಲ್ಲವೇ? ಬ್ಯಾಟರಿ ಕೊಳ್ಳುವ ಮುನ್ನ ನೋಡಬೇಕಾದ್ದು

ಬೆಳಿಗ್ಗೆ ಕೀ ತಿರುಗಿಸಿದರೆ ಎಂಜಿನ್ ಮಿಸುಕುವುದಿಲ್ಲ. ಪಕ್ಕದ ಮನೆಯವರು, ವಾಚ್‌ಮನ್, ದಾರಿಯಲ್ಲಿ ಹೋಗುವವರು ಎಲ್ಲರದ್ದೂ ಒಂದೇ ತೀರ್ಪು: "ಬ್ಯಾಟರಿ ಹೋಗಿದೆ ಸರ್, ಹೊಸದು ಹಾಕಿಸಿಬಿಡಿ." ಬ್ಯಾಟರಿ ಅಂಗಡಿಗೆ ಫೋನ್ ಮಾಡಿದರೆ ಅವರೂ ಅದನ್ನೇ ಹೇಳುತ್ತಾರೆ. ಬೇರೆ ಮಾತು ಹೇಳಿ ವ್ಯಾಪಾರ ಕಳೆದುಕೊಳ್ಳುವ ಗರಜು ಅವರಿಗೇನಿದೆ? ಸಣ್ಣ ಪೆಟ್ರೋಲ್ ಕಾರಿನ 35 ಎಎಚ್ (ಆಂಪಿಯರ್-ಅವರ್, ಬ್ಯಾಟರಿ ಎಷ್ಟು ಕರೆಂಟ್ ಹಿಡಿದಿಡುತ್ತದೆ ಎಂಬ ಅಳತೆ) ಬ್ಯಾಟರಿಗೆ ಈಗ ಸುಮಾರು ಮೂರೂವರೆಯಿಂದ ಐದು ಸಾವಿರ ರೂಪಾಯಿ. ತಿಂಗಳ ಕೊನೆಯಲ್ಲಿ ಅಷ್ಟು ಹಣ ಹೊಂದಿಸಿ ಹೊಸದನ್ನು ಕೂರಿಸಿದ ಮೇಲೆ, ಹದಿನೈದು ದಿನಕ್ಕೆ ಅದೂ ಮಲಗಿಬಿಟ್ಟರೆ ಯಾರನ್ನು ಕೇಳುವುದು?

ಕಾರು ಹೀಗೆ ಕೈಕೊಡುವುದಕ್ಕೆ ಮುಖ್ಯವಾಗಿ ನಾಲ್ಕು ಕಾರಣಗಳಿವೆ. ತಂತಿ ಮತ್ತು ಟರ್ಮಿನಲ್‌ಗಳ ಸಂಪರ್ಕ ಕೆಟ್ಟಿರಬಹುದು. ಎಂಜಿನ್ ಓಡುವಾಗ ಬ್ಯಾಟರಿ ತುಂಬಿಸುವ ಆಲ್ಟರ್ನೇಟರ್ ಸರಿಯಾಗಿ ಚಾರ್ಜ್ ಮಾಡದಿರಬಹುದು. ಕಾರು ನಿಂತಿರುವಾಗ ಯಾವುದೋ ಉಪಕರಣ ಕರೆಂಟ್ ಎಳೆಯುತ್ತಿರಬಹುದು. ಅಥವಾ ನಿಜವಾಗಿಯೂ ಬ್ಯಾಟರಿಯ ಆಯಸ್ಸು ಮುಗಿದಿರಬಹುದು. ಮೊದಲ ಮೂರನ್ನು ಬಹುತೇಕ ಐವತ್ತು ರೂಪಾಯಿಯಿಂದ ಸಾವಿರ ಚಿಲ್ಲರೆಯೊಳಗೆ ಸರಿಪಡಿಸಬಹುದು. ಆದ್ದರಿಂದ ನಾಲ್ಕನೆಯದನ್ನು ಕೊನೆಗೆ ನೋಡುವುದೇ ಜೇಬಿಗೆ ಹಿತ.

ಮೊದಲು ಕಣ್ಣು, ಕಿವಿ

ಕಾರಿನ ಒಳದೀಪ ಹಾಕಿ, ಅದರ ಮೇಲೆ ಕಣ್ಣಿಟ್ಟು ಸೆಲ್ಫ್ ಕೊಡಿ. ದೀಪ ಪೂರ್ತಿ ಮಂಕಾಗಿ 'ಟಿಕ್ ಟಿಕ್ ಟಿಕ್' ಎಂದು ಒಂದೇ ಸಮನೆ ಸದ್ದು ಬಂದರೆ ಸೆಲ್ಫ್ ಮೋಟರಿಗೆ ಬೇಕಾದಷ್ಟು ಕರೆಂಟ್ ತಲುಪುತ್ತಿಲ್ಲ ಎಂದು ಅರ್ಥ. ಬ್ಯಾಟರಿ ಇಳಿದಿದೆ, ಇಲ್ಲವೇ ಟರ್ಮಿನಲ್ ಸಡಿಲವಾಗಿದೆ. ಮುಂದಿನ ಪರೀಕ್ಷೆಗಳೆಲ್ಲ ಈ ಸ್ಥಿತಿಗಾಗಿಯೇ.

ದೀಪ ಪ್ರಕಾಶಮಾನವಾಗಿಯೇ ಉಳಿದು ಒಂದೇ ಒಂದು 'ಟಕ್' ಕೇಳಿದರೆ ಅನುಮಾನ ಸೆಲ್ಫ್ ಮೋಟರಿನ ಮೇಲೆ. ಅದರ ಸೊಲೆನಾಯ್ಡ್ (ಮೋಟರಿಗೆ ಕರೆಂಟ್ ಹಾಯಿಸುವ ಸ್ವಿಚ್) ಅಥವಾ ಕಾರ್ಬನ್ ಬ್ರಷ್ ಸವೆದಿರುತ್ತದೆ. ಹಳೆಯ ಮೆಕ್ಯಾನಿಕ್‌ಗಳು ಮೋಟರಿನ ಮೈಗೆ ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟಿ ಕಾರು ಹೊರಡಿಸುವುದು ಇದೇ ಕಾರಣಕ್ಕೆ. ದೀಪ ಚೆನ್ನಾಗಿ ಉರಿಯುತ್ತಿದ್ದು ಸದ್ದೇ ಇಲ್ಲವೆಂದರೆ ಇಗ್ನಿಷನ್ ಸ್ವಿಚ್, ಸ್ಟಾರ್ಟರ್ ರಿಲೇ, ಕ್ಲಚ್ ಪೆಡಲ್ ಕೆಳಗಿನ ಸ್ವಿಚ್ ಇವುಗಳನ್ನು ನೋಡಬೇಕು. ಎಂಜಿನ್ ಗಿರಗಿರನೆ ತಿರುಗುತ್ತದೆ, ಆದರೆ ಹೊತ್ತಿಕೊಳ್ಳುವುದಿಲ್ಲ ಎಂದಾದರೆ ಬ್ಯಾಟರಿಯ ತಂಟೆಗೇ ಹೋಗಬೇಡಿ. ತೊಂದರೆ ಪೆಟ್ರೋಲಿನಲ್ಲೋ ಸ್ಪಾರ್ಕಿನಲ್ಲೋ ಇದೆ. ಇಂಥ ಕಾರುಗಳಿಗೂ ಹೊಸ ಬ್ಯಾಟರಿ ಮಾರಿದವರಿದ್ದಾರೆ.

ಒಂದು ಮೀಟರ್ ಕೊಳ್ಳಿ

ಇನ್ನೂರರಿಂದ ನಾನೂರು ರೂಪಾಯಿಯ ಡಿಜಿಟಲ್ ಮಲ್ಟಿಮೀಟರ್ ಸಾಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ, ನಿಮ್ಮ ಊರಿನ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಾಗಲಿ ಸಿಗುತ್ತದೆ. ಬ್ಯಾಟರಿಗೆ ಸಾವಿರಾರು ರೂಪಾಯಿ ಕೊಡಲು ತಯಾರಿರುವವರು ಮೀಟರಿಗೆ ಇನ್ನೂರು ಕೊಡಲು ಹಿಂದೆಮುಂದೆ ನೋಡುವುದು ನನಗೆ ಇಂದಿಗೂ ಬಿಡಿಸಲಾಗದ ಒಗಟು.

ಕಾರನ್ನು ರಾತ್ರಿಯಿಡೀ ನಿಲ್ಲಿಸಿ, ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಅಳೆಯುವುದಾದರೆ ಒಳ್ಳೆಯದು. ಬಾನೆಟ್ ತೆರೆಯಲು ಬಾಗಿಲು ತೆರೆಯಲೇಬೇಕಲ್ಲ! ಹಾಗಾಗಿ ಹಿಂದಿನ ರಾತ್ರಿಯೇ ಬಾನೆಟ್ ಲಾಕ್ ಬಿಡಿಸಿಟ್ಟಿರಿ. ಮೀಟರನ್ನು 20 ವೋಲ್ಟ್ ಡಿಸಿಗೆ ತಿರುಗಿಸಿ, ಕೆಂಪು ಕಡ್ಡಿಯನ್ನು ಪ್ಲಸ್‌ಗೂ ಕಪ್ಪನ್ನು ಮೈನಸ್‌ಗೂ ಹಿಡಿಯಿರಿ. ಹಿಡಿಯಬೇಕಾದ್ದು ಬ್ಯಾಟರಿಯ ಸೀಸದ ಗೂಟಕ್ಕೆ, ಅದರ ಸುತ್ತ ಬಿಗಿದ ಕ್ಲಾಂಪಿಗಲ್ಲ. 12.6 ಅಥವಾ ಅದಕ್ಕಿಂತ ಹೆಚ್ಚು ತೋರಿಸಿದರೆ ಬ್ಯಾಟರಿ ತುಂಬಿದೆ. 12.4 ಎಂದರೆ ಸುಮಾರು ಮುಕ್ಕಾಲು, 12.2 ಎಂದರೆ ಅರ್ಧ, 12.0 ಎಂದರೆ ಕಾಲು. ಅದಕ್ಕಿಂತ ಕೆಳಗೆ ಖಾಲಿ.

ಆದರೆ ಈ ಅಂಕಿ ಹೇಳುವುದು ಬ್ಯಾಟರಿ ಎಷ್ಟು ತುಂಬಿದೆ ಎಂಬುದನ್ನು ಮಾತ್ರ; ಅದು ಗಟ್ಟಿಯಾಗಿದೆಯೇ ಎಂಬುದನ್ನಲ್ಲ. 11.8 ತೋರಿಸಿದ ಮಾತ್ರಕ್ಕೆ ಬ್ಯಾಟರಿ ಸತ್ತಿತೆಂದು ತೀರ್ಮಾನಿಸುವುದು ಆತುರವಾದೀತು. ರಾತ್ರಿ ದೀಪ ಆರಿಸಲು ಮರೆತಿದ್ದರೆ ಹೊಚ್ಚ ಹೊಸ ಬ್ಯಾಟರಿಯೂ ಅಷ್ಟೇ ತೋರಿಸುತ್ತದೆ.

ಬಿಳಿ ಪುಡಿ, ಸಡಿಲ ಕ್ಲಾಂಪ್, ಮರೆತ ಅರ್ಥ್ ತಂತಿ

ಗೂಟದ ಸುತ್ತ ಬಿಳಿ ಅಥವಾ ನೀಲಿ-ಹಸಿರು ಪುಡಿ ಕಟ್ಟಿದ್ದರೆ ಸೆಲ್ಫ್‌ಗೆ ಬೇಕಾದ ನೂರಾರು ಆಂಪಿಯರ್ ಕರೆಂಟ್ ಅದನ್ನು ದಾಟಿ ಹೋಗಲಾರದು. ದೀಪ, ಹಾರ್ನ್‌ಗಳಿಗೆ ಬೇಕಾದ ಸಣ್ಣ ಕರೆಂಟ್ ಹೇಗೋ ದಾಟುತ್ತದೆ. ಅದಕ್ಕೇ ಹಾರ್ನ್ ಬಾರಿಸುತ್ತದೆ, ಸೆಲ್ಫ್ ಹೊಡೆಯುವುದಿಲ್ಲ. ಕ್ಲಾಂಪನ್ನು ಕೈಯಲ್ಲಿ ತಿರುಗಿಸಿ ನೋಡಿ. ಒಂದಿಷ್ಟಾದರೂ ಅಲುಗಿದರೆ ಅದು ಸಡಿಲವೇ.

ಮೈನಸ್ ಕ್ಲಾಂಪ್ ಮೊದಲು, ಪ್ಲಸ್ ಆಮೇಲೆ ಬಿಚ್ಚಿ. ಬಿಸಿನೀರಿಗೆ ಎರಡು ಚಮಚ ಅಡುಗೆ ಸೋಡಾ ಕಲಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ. ಬ್ಯಾಟರಿಗೆ ಮುಚ್ಚಳಗಳಿದ್ದರೆ ಸೋಡಾ ನೀರು ಒಳಗೆ ಹೋಗದಂತೆ ನೋಡಿಕೊಳ್ಳಿ. ಒರೆಸಿ, ಉಪ್ಪುಕಾಗದದಿಂದ ಗೂಟವನ್ನೂ ಕ್ಲಾಂಪಿನ ಒಳಮೈಯನ್ನೂ ಹೊಳೆಯುವಷ್ಟು ಉಜ್ಜಿ, ಬಿಗಿದ ಮೇಲೆ ಹೊರಗಿನಿಂದ ವ್ಯಾಸಲಿನ್ ಸವರಿ. ಗ್ರೀಸನ್ನು ಗೂಟ ಮತ್ತು ಕ್ಲಾಂಪಿನ ನಡುವೆ ಮೆತ್ತುವವರಿದ್ದಾರೆ, ಅದು ಬೇಡ.

ಎಲ್ಲ ಶುಚಿಯಾಗಿ ಕಂಡರೂ ಒಳಗೆ ದೋಷ ಅಡಗಿರಬಹುದು. ಒಬ್ಬರು ಸೆಲ್ಫ್ ಕೊಡುತ್ತಿರುವಾಗ ಇನ್ನೊಬ್ಬರು ಮೀಟರಿನ ಒಂದು ಕಡ್ಡಿಯನ್ನು ಮೈನಸ್ ಗೂಟಕ್ಕೂ ಇನ್ನೊಂದನ್ನು ಎಂಜಿನ್ನಿನ ಬಣ್ಣವಿಲ್ಲದ ಲೋಹದ ಭಾಗಕ್ಕೂ ಒತ್ತಿ ಹಿಡಿಯಬೇಕು. 0.2 ವೋಲ್ಟಿನ ಒಳಗಿದ್ದರೆ ಸರಿ. ಅರ್ಧ ವೋಲ್ಟ್, ಒಂದು ವೋಲ್ಟ್ ಎಂದು ತೋರಿಸಿದರೆ ಎಂಜಿನ್ನಿಗೂ ಬಾಡಿಗೂ ಹೋಗುವ ಅರ್ಥ್ ತಂತಿ ತುಕ್ಕು ಹಿಡಿದಿದೆ ಎಂದು ಲೆಕ್ಕ. ಉಡುಪಿ, ಮಂಗಳೂರು, ಕಾರವಾರದ ಉಪ್ಪುಗಾಳಿಯಲ್ಲಿ ಬದುಕುವ ಹಳೆಯ ಕಾರುಗಳಲ್ಲಿ ಬ್ಯಾಟರಿಗಿಂತ ಮೊದಲು ಈ ತಂತಿಯನ್ನೇ ನಾನು ಅನುಮಾನಿಸುತ್ತೇನೆ. ಬೋಲ್ಟ್ ಬಿಚ್ಚಿ, ಉಜ್ಜಿ, ಮತ್ತೆ ಬಿಗಿದರೆ ಖರ್ಚು ಸೊನ್ನೆ. ತಂತಿಯೇ ತಿಂದುಹೋಗಿದ್ದರೂ ಹೊಸದಕ್ಕೆ ಕೆಲವು ನೂರು ರೂಪಾಯಿ ಅಷ್ಟೇ. ಇದೇ ಪರೀಕ್ಷೆಯನ್ನು ಪ್ಲಸ್ ಗೂಟ ಮತ್ತು ಅದರ ಕ್ಲಾಂಪಿನ ನಡುವೆಯೂ ಮಾಡಿ.

ಚಾರ್ಜ್ ಆಗುತ್ತಿದೆಯೇ?

ಜಂಪ್ ಕೇಬಲ್ ಹಾಕಿಯೋ ತಳ್ಳಿಯೋ ಎಂಜಿನ್ ಶುರು ಮಾಡಿ. ತಳ್ಳುವುದು ಗೇರ್ ಹಾಕುವ ಕಾರಿಗೆ ಮಾತ್ರ, ಎರಡನೇ ಗೇರಿನಲ್ಲಿ. ಆಟೋಮ್ಯಾಟಿಕ್ ಕಾರನ್ನು ತಳ್ಳಿ ಹೊರಡಿಸಲಾಗದು. ಬ್ಯಾಟರಿ ಪೂರ್ತಿ ಖಾಲಿಯಾಗಿದ್ದರೆ ಇಂಧನ ಪಂಪಿಗೂ ಕಂಪ್ಯೂಟರಿಗೂ ಕರೆಂಟ್ ಸಿಗದೆ ಇಂದಿನ ಕಾರುಗಳು ಎಷ್ಟು ತಳ್ಳಿದರೂ ಹೊತ್ತಿಕೊಳ್ಳುವುದಿಲ್ಲ. ಜಂಪ್ ಕೇಬಲ್ ಹಾಕುವಾಗ ಎರಡು ಪ್ಲಸ್‌ಗಳನ್ನು ಮೊದಲು ಸೇರಿಸಿ, ಆಮೇಲೆ ಒಳ್ಳೆಯ ಬ್ಯಾಟರಿಯ ಮೈನಸ್, ಕೊನೆಯ ತುದಿಯನ್ನು ಕೆಟ್ಟ ಕಾರಿನ ಎಂಜಿನ್ ಲೋಹಕ್ಕೆ, ಬ್ಯಾಟರಿಯಿಂದ ದೂರದಲ್ಲಿ ಕಚ್ಚಿಸಿ. ಕೊನೆಯ ಕ್ಲಿಪ್ ಕಿಡಿ ಹಾರಿಸುತ್ತದೆ, ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಬರುತ್ತಿರುತ್ತದೆ. ಎರಡೂ ಒಂದೆಡೆ ಸೇರಬಾರದು.

ಎಂಜಿನ್ ಓಡುತ್ತಿರುವಾಗ ಗೂಟಗಳ ನಡುವೆ 13.8ರಿಂದ 14.5 ವೋಲ್ಟ್ ಇರಬೇಕು. ಹೆಡ್‌ಲೈಟ್, ಎಸಿ, ಬ್ಲೋವರ್ ಎಲ್ಲ ಹಾಕಿ ಆಕ್ಸಿಲರೇಟರ್ ಸ್ವಲ್ಪ ಒತ್ತಿದಾಗಲೂ 13.5ರ ಆಸುಪಾಸಿನಲ್ಲಿ ನಿಲ್ಲಬೇಕು. 13ಕ್ಕಿಂತ ಕೆಳಗಿದ್ದರೆ ಬೆಲ್ಟ್ ಜಾರುತ್ತಿದೆಯೇ ನೋಡಿ. ಬೆಲ್ಟ್ ಸರಿಯಿದ್ದರೆ ಆಲ್ಟರ್ನೇಟರಿನ ಕಾರ್ಬನ್ ಬ್ರಷ್ ಅಥವಾ ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಕೆಟ್ಟಿರಬಹುದು. ಆಟೋ ಎಲೆಕ್ಟ್ರಿಷಿಯನ್‌ಗಳು ಆಲ್ಟರ್ನೇಟರನ್ನು ಇಂದಿಗೂ ಡೈನಮೋ ಎಂದೇ ಕರೆಯುತ್ತಾರೆ. ಇಡೀ ಡೈನಮೋ ಬದಲಿಸಬೇಕೆಂದು ಯಾರಾದರೂ ಹೇಳಿದರೆ, ಬಿಚ್ಚಿ ಬ್ರಷ್ ಹಾಕಿಕೊಡುವ ಇನ್ನೊಬ್ಬರನ್ನು ಹುಡುಕಿ. ಸಣ್ಣ ಊರುಗಳಲ್ಲಿ ಅಂಥವರು ಈಗಲೂ ಇದ್ದಾರೆ. 15 ವೋಲ್ಟ್ ದಾಟುತ್ತಿದ್ದರೂ ಅಪಾಯವೇ: ಬ್ಯಾಟರಿಯ ನೀರು ಕುದಿದು ಆರುತ್ತದೆ, ಹೊಸದೂ ಬೇಗ ಸಾಯುತ್ತದೆ.

ಕೆಲವು ಮೆಕ್ಯಾನಿಕ್‌ಗಳು ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಕ್ಲಾಂಪ್ ಕಿತ್ತು, "ನೋಡಿ, ನಿಲ್ಲಲಿಲ್ಲ, ಡೈನಮೋ ಚೆನ್ನಾಗಿದೆ" ಎಂದು ತೋರಿಸುತ್ತಾರೆ. ಕಾರ್ಬ್ಯುರೇಟರ್ ಕಾಲದಲ್ಲಿ ನಡೆಯುತ್ತಿತ್ತು. ಈಗ ಹಾಗೆ ಕಿತ್ತಾಗ ವೋಲ್ಟೇಜ್ ಒಮ್ಮೆಲೇ ಏರಿ ಕಾರಿನ ಕಂಪ್ಯೂಟರ್ ಸುಟ್ಟುಹೋಗಬಹುದು. ಅದರ ಬೆಲೆಯ ಮುಂದೆ ಬ್ಯಾಟರಿಯದು ಏನೂ ಅಲ್ಲ. ಕೈ ಹಾಕಲು ಬಿಡಬೇಡಿ.

ನಿಂತ ಕಾರಿನಲ್ಲಿ ಸೋರುವ ಕರೆಂಟ್

ವಾರಕ್ಕೊಮ್ಮೆ ಮಾತ್ರ ಹೊರಡುವ ಅಪಾರ್ಟ್‌ಮೆಂಟ್ ಕಾರುಗಳ ಬಹುಪಾಲು ತಾಪತ್ರಯ ಇರುವುದು ಇಲ್ಲಿ. ಒಂದು ಸಣ್ಣ ಲೆಕ್ಕ ನೋಡಿ. ಸೆಲ್ಫ್ ಹೊಡೆಯಲು ಸುಮಾರು 150 ಆಂಪಿಯರ್ ಬೇಕೆಂದುಕೊಳ್ಳೋಣ. ಕೇಳಿದರೆ ಭಯವಾಗುತ್ತದೆ, ಆದರೆ ಅದು ಎರಡು ಸೆಕೆಂಡಿನ ಮಾತು. ಬ್ಯಾಟರಿಯಿಂದ ಹೋಗುವುದು 0.1 ಎಎಚ್‌ಗಿಂತಲೂ ಕಡಿಮೆ. ಇತ್ತ ಕಾರು ಬೀಗ ಹಾಕಿ ನಿಂತಾಗಲೂ ಗಡಿಯಾರ, ರಿಮೋಟ್ ಲಾಕ್, ಅಲಾರಂ ಮುಂತಾದವು 20ರಿಂದ 50 ಮಿಲಿಆಂಪಿಯರ್ ಎಳೆಯುತ್ತಿರುತ್ತವೆ. ಇದು ಸಹಜ. 50 ಮಿಲಿಆಂಪಿಯರ್ ಎಂದರೆ ದಿನಕ್ಕೆ 1.2 ಎಎಚ್, ವಾರಕ್ಕೆ 8.4, ಅಂದರೆ 35 ಎಎಚ್ ಬ್ಯಾಟರಿಯ ಸುಮಾರು ಕಾಲುಭಾಗ. ಸುಮ್ಮನೆ ನಿಂತ ಒಂದು ದಿನ ಹತ್ತಾರು ಸಲ ಸ್ಟಾರ್ಟ್ ಮಾಡುವುದಕ್ಕಿಂತ ಹೆಚ್ಚು ತಿನ್ನುತ್ತದೆ. ಭಾನುವಾರ ಮಾರುಕಟ್ಟೆಗೆ ಎರಡು ಕಿಲೋಮೀಟರ್ ಹೋಗಿ ಬಂದರೆ ಆ ಎಂಟು ಎಎಚ್ ಮರಳಿ ತುಂಬುವುದಿಲ್ಲ. ನಾಲ್ಕು ವಾರ ಹೀಗೇ ಸಾಗಿದರೆ ಐದನೇ ವಾರ ಕಾರು ಹೊರಡುವುದಿಲ್ಲ, ಬ್ಯಾಟರಿಯಲ್ಲಿ ಒಂದು ಕುಂದೂ ಇಲ್ಲದಿದ್ದರೂ.

ಸಹಜವಲ್ಲದ ಸೋರಿಕೆಯಿದ್ದರೆ ಐದು ವಾರವೂ ಬೇಡ. ಮುಚ್ಚಿದ ಡಿಕ್ಕಿಯೊಳಗೆ ಆರದೆ ಉರಿಯುವ 5 ವ್ಯಾಟಿನ ಪುಟ್ಟ ಬಲ್ಬು ದಿನಕ್ಕೆ 10 ಎಎಚ್ ಕುಡಿಯುತ್ತದೆ. ನಿಂತಾಗಲೂ ಚಿತ್ರೀಕರಿಸುವ ಡ್ಯಾಶ್‌ಕ್ಯಾಮ್ ಕಾಲು ಆಂಪಿಯರ್ ಎಳೆದರೆ ದಿನಕ್ಕೆ 6. ಮೂರು ದಿನದಲ್ಲಿ ಬ್ಯಾಟರಿ ಅರ್ಧ. ಹೊರಗಿನಿಂದ ಹಾಕಿಸಿದ ಮ್ಯೂಸಿಕ್ ಸಿಸ್ಟಂ ಇದ್ದರೆ ಅದರ ಹಿಂದಿನ ಜೋಡಣೆ ನೋಡಿ. ಹಳದಿ ತಂತಿ ಸದಾ ಕರೆಂಟಿಗೆ, ಕೆಂಪು ತಂತಿ ಕೀ ಹಾಕಿದಾಗ ಮಾತ್ರ ಬರುವ ಕರೆಂಟಿಗೆ ಹೋಗಬೇಕು. ಹುಡುಕುವ ತಾಳ್ಮೆಯಿಲ್ಲದ ಹುಡುಗರು ಎರಡನ್ನೂ ತಿರುಚಿ ಒಟ್ಟಿಗೆ ಕಟ್ಟಿಬಿಡುತ್ತಾರೆ. ಆಮೇಲೆ ಸೆಟ್ ರಾತ್ರಿಯಿಡೀ ಎಚ್ಚರವಾಗಿಯೇ ಇರುತ್ತದೆ.

ಅಳೆಯುವುದು ಹೀಗೆ. ಕೀ ತೆಗೆದು, ಬಾಗಿಲುಗಳನ್ನು ಹಾಕಿ. ಮೀಟರಿನ ಕೆಂಪು ಕಡ್ಡಿಯನ್ನು 10 ಆಂಪಿಯರ್ ತೂತಿಗೆ ಸಿಕ್ಕಿಸಿ. ಮೈನಸ್ ಕ್ಲಾಂಪ್ ಬಿಚ್ಚಿ, ಮೀಟರಿನ ಒಂದು ಕಡ್ಡಿ ಕ್ಲಾಂಪಿಗೆ, ಇನ್ನೊಂದು ಗೂಟಕ್ಕೆ. ಅಗ್ಗದ ಮೀಟರುಗಳಲ್ಲಿ ಈ 10 ಆಂಪಿಯರ್ ತೂತಿಗೆ ಹತ್ತೋ ಹದಿನೈದೋ ಸೆಕೆಂಡಿನ ಮಿತಿ ಬರೆದಿರುತ್ತದೆ. ಅದು ದೊಡ್ಡ ಕರೆಂಟಿಗೆ ಸಂಬಂಧಿಸಿದ್ದು. ಕರೆಂಟ್ ಅರ್ಧ ಆಂಪಿಯರಿಗಿಂತ ಇಳಿದ ಮೇಲೆ ಬಿಟ್ಟಿಟ್ಟರೂ ತೊಂದರೆಯಿಲ್ಲ. ಕಾರಿನ ಕಂಪ್ಯೂಟರುಗಳು ನಿದ್ದೆಗೆ ಜಾರಲು ಅರ್ಧ ಗಂಟೆ ಬಿಡಿ. ಆಮೇಲೂ 0.05ಕ್ಕಿಂತ ಸಾಕಷ್ಟು ಹೆಚ್ಚು ತೋರಿಸುತ್ತಿದ್ದರೆ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು, ಮತ್ತೆ ಹಾಕುತ್ತ ಬನ್ನಿ. ಯಾವುದನ್ನು ಕಿತ್ತಾಗ ಅಂಕಿ ದಬಕ್ಕನೆ ಇಳಿಯುತ್ತದೋ ಆ ಸಾಲಿನಲ್ಲಿ ಕಳ್ಳನಿದ್ದಾನೆ. ಯಾವ ಫ್ಯೂಸಿಗೂ ಜಗ್ಗದಿದ್ದರೆ ಆಲ್ಟರ್ನೇಟರಿನ ದಪ್ಪ ತಂತಿ ಬಿಚ್ಚಿ ನೋಡಬೇಕು. ಅದರೊಳಗಿನ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಹಾಳಾದರೆ ಅದೂ ರಾತ್ರಿ ಕರೆಂಟ್ ಎಳೆಯುತ್ತದೆ. ಆ ತಂತಿಯಲ್ಲಿ ಸದಾ ಕರೆಂಟ್ ಇರುವುದರಿಂದ, ಬಿಚ್ಚುವ ಮುನ್ನ ಬ್ಯಾಟರಿಯ ಮೈನಸ್ ತೆಗೆದಿರಬೇಕು. ಮೀಟರ್ ಈ ರೀತಿ ಜೋಡಿಸಿರುವಾಗ ಯಾರೂ ಸೆಲ್ಫ್ ಕೊಡಕೂಡದು, ಮೀಟರ್ ಸುಟ್ಟುಹೋಗಬಹುದು.

ಸೋರಿಕೆ ಸಹಜ ಮಿತಿಯಲ್ಲಿದ್ದು ಕಾರೇ ಹೆಚ್ಚು ಓಡದಿದ್ದರೆ, ಊರಿಗೆ ಹೋಗುವಾಗ ಮೈನಸ್ ಕ್ಲಾಂಪ್ ಬಿಚ್ಚಿಟ್ಟು ಹೋಗಿ. 10ನೇ ನಂಬರ್ ಸ್ಪ್ಯಾನರ್ ಒಂದಿದ್ದರೆ ಆಯಿತು.

ಬ್ಯಾಟರಿಯ ಗಟ್ಟಿತನ

ಇಷ್ಟೆಲ್ಲ ಸರಿಯಿದ್ದೂ ಕಾರು ಹೊರಡುತ್ತಿಲ್ಲವೇ? ಆಗಲೂ ಮೊದಲು ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿಸಿ. ಬ್ಯಾಟರಿ ಅಂಗಡಿಯಲ್ಲಿ ನೂರು, ಇನ್ನೂರು ರೂಪಾಯಿಗೆ ರಾತ್ರಿಯಿಡೀ ಚಾರ್ಜಿಗಿಡುತ್ತಾರೆ. ಸಾಮರ್ಥ್ಯದ ಹತ್ತನೇ ಒಂದು ಭಾಗ, ಅಂದರೆ 35 ಎಎಚ್‌ಗೆ ಮೂರೂವರೆ ಆಂಪಿಯರಿನಲ್ಲಿ ನಿಧಾನವಾಗಿ ತುಂಬಿಸಲು ಹೇಳಿ. ಒಂದೇ ಗಂಟೆಯಲ್ಲಿ ಮುಗಿಸಿಕೊಡುತ್ತೇವೆ ಎನ್ನುವವರು ಬೇಡ. ಮನೆಯ ಇನ್ವರ್ಟರಿಗೆ ಸಿಕ್ಕಿಸುವ ಉಪಾಯವೂ ಬೇಡ. 150 ಎಎಚ್ ಬ್ಯಾಟರಿಗೆಂದು ಮಾಡಿದ ಅದರ ಕರೆಂಟ್ ಸಣ್ಣ ಬ್ಯಾಟರಿಗೆ ಭಾರ.

ಚಾರ್ಜ್ ಮುಗಿದು ಕೆಲವು ಗಂಟೆ ಬಿಟ್ಟು ಅಳೆಯಿರಿ. 12.6 ಇದ್ದರೆ ಸಂತೋಷ. 10.5ರ ಸುತ್ತಮುತ್ತ ನಿಂತರೆ ಆರು ಸೆಲ್‌ಗಳಲ್ಲಿ ಒಂದು ಸತ್ತಿದೆ. ಪ್ರತಿ ಸೆಲ್ 2.1 ವೋಲ್ಟ್ ಕೊಡುತ್ತದೆ, ಒಂದು ಕಳೆದರೆ ಉಳಿಯುವುದು ಅಷ್ಟೇ. ಅದಕ್ಕೆ ಮದ್ದಿಲ್ಲ. ಮುಚ್ಚಳ ತೆರೆಯುವ ಬ್ಯಾಟರಿಯಾದರೆ ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನಿಂದಲೂ ಇದನ್ನು ಹಿಡಿಯಬಹುದು: ತುಂಬಿದ ಸೆಲ್ 1.265ರ ಆಸುಪಾಸು ತೋರಿಸುತ್ತದೆ. ಐದು ಸೆಲ್‌ಗಳು ಒಂದೇ ರೀತಿಯಿದ್ದು ಒಂದು ಮಾತ್ರ 0.050ರಷ್ಟು ಕೆಳಗಿದ್ದರೆ ಅದೇ ಸತ್ತದ್ದು. ಮೇಲ್ಗಡೆ ಹಸಿರು ಕಣ್ಣಿರುವ ಬ್ಯಾಟರಿಗಳಲ್ಲಿ ಆ ಕಣ್ಣು ನೋಡುವುದು ಒಂದೇ ಸೆಲ್ಲನ್ನು. ಉಳಿದ ಐದರ ಬಗ್ಗೆ ಅದು ಕುರುಡು. ನೀರು ಇಳಿದಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಆಸಿಡ್ ಸುರಿದು ಬ್ಯಾಟರಿಗೆ 'ಜೀವ ಕೊಡುವ' ಅಂಗಡಿಗಳಿಂದ ದೂರವಿರಿ, ಪ್ಲೇಟುಗಳು ಇನ್ನೂ ಬೇಗ ಕರಗುತ್ತವೆ.

ಕೊನೆಯ ಪರೀಕ್ಷೆ ಭಾರದ್ದು. ಇಂಧನ ಪಂಪಿನ ಫ್ಯೂಸ್ ಕಿತ್ತು, ಎಂಜಿನ್ ಹೊತ್ತಿಕೊಳ್ಳದಂತೆ ಮಾಡಿ, ಐದಾರು ಸೆಕೆಂಡ್ ಸೆಲ್ಫ್ ಕೊಡಿಸಿ ಗೂಟಗಳ ನಡುವಿನ ವೋಲ್ಟೇಜ್ ಮೀಟರಿನಲ್ಲಿ ನೋಡಿ. ಹತ್ತು ಸೆಕೆಂಡ್ ಮೀರಬೇಡಿ, ಮೋಟರ್ ಬಿಸಿಯಾಗುತ್ತದೆ. 10 ವೋಲ್ಟಿನ ಮೇಲಿದ್ದರೆ ಬ್ಯಾಟರಿ ಗಟ್ಟಿ. 9.6ರ ಕೆಳಗೆ ಕುಸಿದರೆ ಅದರ ಕಾಲ ಮುಗಿಯುತ್ತ ಬಂದಿದೆ. ನಡುವೆ ನಿಂತರೆ ಇನ್ನು ಕೆಲವು ತಿಂಗಳು ದೂಡಬಹುದು, ಹಣ ಹೊಂದಿಸಿಕೊಳ್ಳಲು ಅಷ್ಟು ಸಮಯ ಸಿಕ್ಕಂತಾಯಿತು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಬ್ಯಾಟರಿ ಒಳಗೊಳಗೇ ಸೊರಗುತ್ತದೆ. ಬಿಸಿಲು ಕೊಂದದ್ದು ಬಯಲಿಗೆ ಬರುವುದು ಡಿಸೆಂಬರಿನ ತಂಪು ಬೆಳಿಗ್ಗೆ. ನಮ್ಮ ಹವೆಯಲ್ಲಿ ಮೂರರಿಂದ ನಾಲ್ಕು ವರ್ಷ ಬಾಳಿದ್ದರೆ ಅದು ತನ್ನ ಪಾಲಿನ ಕೆಲಸ ಮಾಡಿದೆ.

ಕೊಳ್ಳಲೇಬೇಕಾದಾಗ

ಹಳೆಯ ಬ್ಯಾಟರಿಯ ಫೋಟೊ ಮೊಬೈಲಿನಲ್ಲಿ ತೆಗೆದುಕೊಂಡು ಹೋಗಿ. ಮೇಲೆ 38ಬಿ20ಎಲ್ ಎಂಬಂಥ ಸಂಕೇತವಿರುತ್ತದೆ. ಇದರಲ್ಲಿ 20 ಎಂಬುದು ಸುಮಾರು ಸೆಂಟಿಮೀಟರ್ ಲೆಕ್ಕದ ಉದ್ದ, ಕೊನೆಯ ಎಲ್ ಅಥವಾ ಆರ್ ಪ್ಲಸ್ ಗೂಟ ಯಾವ ಬದಿಗಿದೆ ಎಂಬುದನ್ನು ಹೇಳುತ್ತದೆ. ಬದಿ ತಪ್ಪಿದರೆ ತಂತಿ ಎಟುಕುವುದಿಲ್ಲ. ಎಳೆದು ತಲೆಕೆಳಗಾಗಿ ಜೋಡಿಸಿದರೆ ಆಲ್ಟರ್ನೇಟರಿನ ಡಯೋಡ್‌ಗಳು ಕ್ಷಣದಲ್ಲಿ ಸುಡುತ್ತವೆ. ಗೂಟದ ದಪ್ಪದಲ್ಲೂ ಎರಡು ಬಗೆಯಿದೆ. ಕ್ಲಾಂಪ್ ಕೂರದಿದ್ದರೆ ಸುತ್ತಿಗೆಯಿಂದ ಬಡಿದು ಕೂರಿಸಲು ಬಿಡದೆ ಸರಿಯಾದ ಬ್ಯಾಟರಿಯನ್ನೇ ಕೇಳಿ. ಹೆಚ್ಚು ಎಎಚ್‌ನದು ಹಾಕಿಸಿದರೆ ಹಾನಿಯಿಲ್ಲ, ಸಣ್ಣ ಪೆಟ್ರೋಲ್ ಕಾರಿಗೆ ಲಾಭವೂ ಅಷ್ಟಕ್ಕಷ್ಟೇ. ಸಿಗ್ನಲಿನಲ್ಲಿ ತಾನಾಗಿಯೇ ಎಂಜಿನ್ ಆರಿಸಿ ಹೊತ್ತಿಸುವ ಕಾರಾದರೆ ಅದಕ್ಕೆಂದೇ ಮಾಡಿದ ಇಎಫ್‌ಬಿ ಅಥವಾ ಎಜಿಎಂ ಬ್ಯಾಟರಿ ಬೇಕೇ ಬೇಕು. ಅಲ್ಲಿ ಅಗ್ಗದ್ದನ್ನು ಹಾಕಿದರೆ ಬೇಗನೆ ಮತ್ತೆ ಅಂಗಡಿಗೆ ಬರಬೇಕಾಗುತ್ತದೆ.

ವಾರಂಟಿಯನ್ನು ಎರಡು ತುಂಡಾಗಿ ಓದಿ. 18 ಕೂಡಿಸು 18 ಎಂದರೆ ಮೊದಲ 18 ತಿಂಗಳು ಕೆಟ್ಟರೆ ಉಚಿತ ಬದಲಿ, ಮುಂದಿನ 18 ತಿಂಗಳು ಹೊಸದಕ್ಕೆ ಒಂದಿಷ್ಟು ರಿಯಾಯಿತಿ. ಆ ರಿಯಾಯಿತಿಯನ್ನು ಸಾಮಾನ್ಯವಾಗಿ ಎಂಆರ್‌ಪಿಯ ಮೇಲೆ ಲೆಕ್ಕ ಹಾಕುತ್ತಾರೆ. ಅಂಗಡಿಯವರು ಹೇಗೂ ಎಂಆರ್‌ಪಿಗಿಂತ ಕಡಿಮೆಗೆ ಮಾರುವುದರಿಂದ ಎರಡನೇ ತುಂಡಿನ ಬೆಲೆ ಕಾಗದದ ಮೇಲೆ ಕಾಣುವಷ್ಟಿಲ್ಲ. ಒಟ್ಟು ತಿಂಗಳುಗಳನ್ನು ನೋಡದೆ ಮೊದಲ ತುಂಡನ್ನು ಹೋಲಿಸಿ, ಬೆಲೆಯನ್ನು ಆ ತಿಂಗಳುಗಳಿಂದ ಭಾಗಿಸಿ. ಕೈ ಬಿಗಿಯಿರುವಾಗ ಅದೇ ಕಂಪನಿಯ ಕೆಳದರ್ಜೆಯ ಮಾದರಿ ಬಹುತೇಕ ಸಾಕಾಗುತ್ತದೆ. ತಯಾರಾದ ತಿಂಗಳನ್ನೂ ನೋಡಿ. ಅಂಗಡಿಯಲ್ಲಿ ಆರು ತಿಂಗಳು ಕುಳಿತದ್ದು ಆಗಲೇ ಇಳಿದಿರುತ್ತದೆ. ಮೀಟರ್ ನಿಮ್ಮ ಜೇಬಿನಲ್ಲಿದೆಯಲ್ಲ, ಅಲ್ಲೇ ಅಳೆಯಿರಿ, 12.5ಕ್ಕಿಂತ ಕಡಿಮೆಯಿದ್ದರೆ ಬೇರೆಯದು ಕೇಳಿ.

2025ರ ಸೆಪ್ಟೆಂಬರ್ 22ರಿಂದ ಈ ಬ್ಯಾಟರಿಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಹಳೆಯ ದರಪಟ್ಟಿ ತೋರಿಸುವವರಿಗೆ ಇದನ್ನು ನೆನಪಿಸಿ. ಬಿಲ್ ಇಲ್ಲದೆ ಇನ್ನೂರು ರೂಪಾಯಿ ಉಳಿಸುವ ಆಸೆ ಬೇಡ, ಬಿಲ್ ಇಲ್ಲದಿದ್ದರೆ ವಾರಂಟಿಯೂ ಇಲ್ಲ. ಹಳೆಯ ಬ್ಯಾಟರಿ ಹಿಂದಿರುಗಿಸಿದರೆ ಕೆಲವು ನೂರು ರೂಪಾಯಿ ಕಳೆಯುತ್ತಾರೆ. ಅದರ ತೂಕದ ಅರ್ಧಕ್ಕಿಂತ ಹೆಚ್ಚು ಸೀಸ, ಹಾಗಾಗಿ ಹತ್ತಿರದ ಗುಜರಿ ದರವನ್ನೂ ಕೇಳಿಕೊಂಡು ಹೋದರೆ ಚೌಕಾಸಿಗೆ ಬಲ ಬರುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದನ್ನು ಮನೆಯ ಕಸದೊಂದಿಗೆ ಬಿಸಾಡುವಂತಿಲ್ಲ.

ಇನ್ನು ಸೆಕೆಂಡ್ ಹ್ಯಾಂಡ್, 'ರೀಕಂಡಿಷನ್' ಬ್ಯಾಟರಿ. ಒಂದೂವರೆ ಸಾವಿರಕ್ಕೆ ಸಿಗುತ್ತದೆ, ನಿಜ. ಹೆಚ್ಚಿನವು ಆಸಿಡ್ ಬದಲಿಸಿ, ಚಾರ್ಜ್ ಮಾಡಿ, ಹೊಸ ಸ್ಟಿಕ್ಕರ್ ಅಂಟಿಸಿದಂಥವು. ಆರು ತಿಂಗಳು ಬಂದರೆ ತಿಂಗಳಿಗೆ 250 ರೂಪಾಯಿ ಬಿತ್ತು. ನಾಲ್ಕೂವರೆ ಸಾವಿರದ ಹೊಸದು ಮೂರು ವರ್ಷ ಬಂದರೆ ತಿಂಗಳಿಗೆ 125. ಕಾರನ್ನೇ ಮುಂದಿನ ತಿಂಗಳು ಮಾರುವವರ ಹೊರತು ಬೇರೆ ಯಾರಿಗೂ ನಾನು ಇದನ್ನು ಸೂಚಿಸಲಾರೆ.

ಕೂರಿಸುವುದು

ಅಂಗಡಿಯವರು ಉಚಿತವಾಗಿ ಕೂರಿಸಿಕೊಟ್ಟರೂ ಪಕ್ಕದಲ್ಲಿ ನಿಂತು ನೋಡಿ. ಕೀ ತೆಗೆದು ಕೈಯಲ್ಲಿಟ್ಟುಕೊಂಡು, ಒಂದು ಕಿಟಕಿ ಇಳಿಸಿಡಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಪ್ಲಸ್ ಮೊದಲು. ಪ್ಲಸ್ ಮೇಲಿನ ಸ್ಪ್ಯಾನರ್ ಬಾಡಿಗೆ ತಗುಲಿದರೂ ಕಿಡಿ ಹಾರದಿರಲು ಈ ಕ್ರಮ. ಬ್ಯಾಟರಿಯನ್ನು ಒತ್ತಿ ಹಿಡಿಯುವ ಪಟ್ಟಿಯನ್ನು ಮರೆಯದೆ ಬಿಗಿಸಿ. ನಮ್ಮ ಹಂಪುಗಳ ಮೇಲೆ ಕುಣಿಯುವ ಬ್ಯಾಟರಿಯ ಪ್ಲೇಟುಗಳು ಬೇಗ ಉದುರುತ್ತವೆ, ಆದರೂ ಈ ಪಟ್ಟಿಯನ್ನು ಡಿಕ್ಕಿಗೆ ಎಸೆದು ಹೋಗುವ ಅಂಗಡಿ ಹುಡುಗರೇ ಹೆಚ್ಚು. ಆಸಿಡ್ ಕೈಗೋ ಕಣ್ಣಿಗೋ ಸಿಡಿದರೆ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆಯಿರಿ, ಕಣ್ಣಾದರೆ ನೇರ ವೈದ್ಯರ ಬಳಿಗೆ.

ಎಂಜಿನ್ ಶುರು ಮಾಡಿ ಚಾರ್ಜಿಂಗ್ ವೋಲ್ಟೇಜ್ ಇನ್ನೊಮ್ಮೆ ನೋಡಿ. ವಾರಂಟಿ ಕಾರ್ಡಿನಲ್ಲಿ ಮಾರಾಟದ ದಿನಾಂಕ, ಕಾರಿನ ನಂಬರ್, ಅಂಗಡಿಯ ಮೊಹರು ಮೂರೂ ಇವೆಯೇ ಎಂದು ಪರಿಶೀಲಿಸಿ, ಅಲ್ಲೇ ಫೋಟೊ ತೆಗೆದಿಟ್ಟುಕೊಳ್ಳಿ. ಮರುದಿನ ಬೆಳಿಗ್ಗೆ ಗೂಟಗಳ ನಡುವೆ ಅಳೆದಾಗ 12.5ಕ್ಕಿಂತ ಕೆಳಗೆ ಇಳಿದಿದ್ದರೆ ಮತ್ತೆ ಫ್ಯೂಸ್ ಡಬ್ಬಿಯ ಮುಂದೆ ಕೂರಬೇಕು. ಅಂಗಡಿಗೆ ಫೋನ್ ಮಾಡುವುದು ಅದಾದ ಮೇಲೆ.